ಸಿಗುವುದು ಹತ್ತೇ ನಿಮಿಷ: ಹ್ಯಾಮ್ ಉಪಗ್ರಹದ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಈ ಅಂಕಣದಲ್ಲಿ ಧಾರವಾಡದ ನಮ್ಮ ಮನೆ ಮಾಳಿಗೆಯ ಮೇಲೆ ನಿಂತು ಬಾಹ್ಯಾಕಾಶ ನಿಲ್ದಾಣದ ಪ್ಯಾಕೆಟ್ ಸಿಗ್ನಲ್ ಹಿಡಿದ ಕಥೆ ಬರೆದಿದ್ದೆ. ಹ್ಯಾಮ್, ಪ್ಯಾಕೆಟ್ ರೇಡಿಯೊ ಅಂದರೆ ಏನು ಅಂತ ಹೊಸ ಓದುಗರಿಗೆ ಎರಡು ಮಾತು. ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊ ನಡೆಸುವವರೇ ಹ್ಯಾಮ್‌ಗಳು. ಇನ್ನು ಪ್ಯಾಕೆಟ್ ರೇಡಿಯೊ. ಇಲ್ಲಿ ರೇಡಿಯೊದಲ್ಲಿ ಧ್ವನಿ ಹೋಗುವುದಿಲ್ಲ, ಅಕ್ಷರಗಳು ಹೋಗುತ್ತವೆ. ಅವನ್ನು ಸಣ್ಣ ಸಣ್ಣ ಕಟ್ಟು ಮಾಡಿ, ಪ್ರತಿ ಕಟ್ಟಿನ ಮೇಲೆ ಯಾರಿಂದ ಯಾರಿಗೆ ಅಂತ ಬರೆದು ಕಳಿಸುತ್ತಾರೆ. ಆ ಕಟ್ಟು ಹೇಗಿರಬೇಕು, ಯಾರು ಯಾವಾಗ ಕಳಿಸಬೇಕು, ಹಾಳಾದರೆ ಏನು ಮಾಡಬೇಕು ಅನ್ನುವ ಒಪ್ಪಂದವೇ ಪ್ರೋಟೋಕಾಲ್.

ಆ ಬರಹಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ನಮ್ಮ ಭಾಗದವೇ. ಮೊದಲ ಪತ್ರಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ, ಯಾಕಂದರೆ ಮಿಕ್ಕವರ ಪ್ರಶ್ನೆಗಳ ಬೇರು ಅದರಲ್ಲೇ ಇದೆ.

ಪ್ರಶ್ನೆ: ಸರ್, ನಾವು ಆರು ಜನ ಸೇರಿ ಒಂದು ಕ್ಯೂಬ್‌ಸ್ಯಾಟ್, ಅಂದರೆ ಚಿಕ್ಕ ಡಬ್ಬಿಯಂಥ ಉಪಗ್ರಹ, ವಿನ್ಯಾಸ ಮಾಡುತ್ತಿದ್ದೇವೆ. ಅದು ತೆಗೆದ ಸಣ್ಣ ಫೋಟೊಗಳನ್ನೂ ಹ್ಯಾಮ್‌ಗಳು ಕಳಿಸಿದ ಸಂದೇಶಗಳನ್ನೂ ಇಟ್ಟುಕೊಂಡು ಕೇಳಿದವರಿಗೆಲ್ಲ ಹಂಚಬೇಕು. ಪ್ರೋಟೋಕಾಲ್ ಕೆಲಸ ನನ್ನ ಪಾಲಿಗೆ ಬಂದಿದೆ. ಗೈಡ್ ಸರ್ 'ಎಎಕ್ಸ್ 25 ಹಾಕಿ ಮುಗಿಸಿ' ಅಂತಾರೆ. ಗೆಳೆಯ 'ಇಂಟರ್ನೆಟ್ಟಿನ ಟಿಸಿಪಿಯನ್ನೇ ಹಾಕೋಣ, ಎಲ್ಲಾ ರೆಡಿ ಇದೆ' ಅಂತಾನೆ. ಯಾವುದು ಸರಿ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಇಬ್ಬರ ಮಾತನ್ನೂ ಸ್ವಲ್ಪ ಪಕ್ಕಕ್ಕಿಡಿ. ಮೊದಲು ಒಂದು ಹಾಳೆ ತಗೊಂಡು ನಿಮ್ಮ ಉಪಗ್ರಹದ ಒಂದು ದಿನ ಹೇಗಿರುತ್ತದೆ ಅಂತ ಬರೆಯಿರಿ.

ಬಾಹ್ಯಾಕಾಶ ನಿಲ್ದಾಣದ ಎತ್ತರ, ಅಂದರೆ ಸುಮಾರು 420 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಅಲ್ಲಿ ಒಂದು ಸುತ್ತಿಗೆ 93 ನಿಮಿಷ ಬೇಕು. ದಿನಕ್ಕೆ ಹದಿನೈದು ಸುತ್ತಿನ ಮೇಲೆ. ಅದರಲ್ಲಿ ಹುಬ್ಬಳ್ಳಿಯ ಆಕಾಶಕ್ಕೆ ಬರುವುದು ನಾಲ್ಕೈದು ಸಲ. ಬಂದಾಗಲೂ ಇರುವುದು ಹೆಚ್ಚೆಂದರೆ ಹತ್ತು ನಿಮಿಷ, ಕೆಲವು ಸಲ ನಾಲ್ಕೇ ನಿಮಿಷ. ಹ್ಯಾಮ್‌ಗಳು ಇದಕ್ಕೆ ಪಾಸ್ ಅನ್ನುತ್ತಾರೆ. ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಹತ್ತು ನಿಮಿಷಕ್ಕೆ 7,20,000 ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಅಂದರೆ 90,000 ಬೈಟ್. ಒಂದೇ ಒಂದು ಬೈಟೂ ಹಾಳಾಗದೆ, ಒಂದು ಕ್ಷಣವೂ ಸುಮ್ಮನಿರದೆ ಕಳಿಸಿದರೆ 90 ಕೆಬಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ಫೋಟೊ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುತ್ತದೆ. ಇಷ್ಟೇ ನಿಮ್ಮ ಬಂಡವಾಳ. ಪ್ರೋಟೋಕಾಲಿನ ಪ್ರತಿಯೊಂದು ನಿರ್ಧಾರವನ್ನೂ ಇದರ ಎದುರಿಗಿಟ್ಟು ನೋಡಬೇಕು.

ಎರಡನೆಯದು ದೂರ. ಉಪಗ್ರಹ ದಿಗಂತದಲ್ಲಿ ಮೂಡುವಾಗ ನಿಮ್ಮಿಂದ 2,300 ಕಿಲೋಮೀಟರ್ ಆಚೆ ಇರುತ್ತದೆ. ನೆತ್ತಿಯ ಮೇಲೆ ಬಂದಾಗ 420. ದೂರ ಐದೂವರೆ ಪಟ್ಟು ವ್ಯತ್ಯಾಸವಾದರೆ ಸಿಗ್ನಲಿನ ಶಕ್ತಿ ಮೂವತ್ತು ಪಟ್ಟು ವ್ಯತ್ಯಾಸವಾಗುತ್ತದೆ. ಅದರ ಮೇಲೆ ಉಪಗ್ರಹ ತಿರುಗುತ್ತಿರುತ್ತದೆ, ಆಂಟೆನಾ ಒಮ್ಮೆ ನಮ್ಮ ಕಡೆ, ಒಮ್ಮೆ ಆಚೆ. ಹಾಗಾಗಿ ಪ್ಯಾಕೆಟ್‌ಗಳು ಒಂದೊಂದಾಗಿ ಹಾಳಾಗುವುದು ಕಡಿಮೆ. ಎರಡು ಸೆಕೆಂಡು ಪೂರ್ತಿ ಮಾಯ, ಮತ್ತೆ ಹತ್ತು ಸೆಕೆಂಡು ಚೆನ್ನಾಗಿ, ಹೀಗೆ ಗುಂಪು ಗುಂಪಾಗಿ ಹೋಗುತ್ತವೆ.

ಮೂರನೆಯದನ್ನೇ ಎಲ್ಲರೂ ಮರೆಯುತ್ತಾರೆ. ಉಪಗ್ರಹಕ್ಕೆ ಒಂದೇ ಸಲ ಎಷ್ಟು ನೆಲ ಕಾಣುತ್ತದೆ ಗೊತ್ತಾ? ಧಾರವಾಡದ ನೆತ್ತಿಯ ಮೇಲಿದ್ದಾಗ ಅದಕ್ಕೆ ದೆಹಲಿ ಕಾಣುತ್ತದೆ, ಕೊಲಂಬೊ ಕಾಣುತ್ತದೆ, ಕೋಲ್ಕತ್ತಾ ಕಾಣುತ್ತದೆ, ಆ ಕಡೆ ಮಸ್ಕತ್ ಕೂಡ. ಅಲ್ಲೆಲ್ಲ ಹ್ಯಾಮ್‌ಗಳಿದ್ದಾರೆ. ಉಪಗ್ರಹಕ್ಕೆ ಅವರೆಲ್ಲರ ಧ್ವನಿ ಕೇಳುತ್ತದೆ, ಆದರೆ ಅವರಿಗೆ ಒಬ್ಬರ ಧ್ವನಿ ಇನ್ನೊಬ್ಬರಿಗೆ ಕೇಳುವುದಿಲ್ಲ. ನೆಲದ ಮೇಲಿನ ಪ್ಯಾಕೆಟ್ ರೇಡಿಯೊದಲ್ಲಿ 'ಯಾರಾದರೂ ಮಾತಾಡುತ್ತಿದ್ದರೆ ನೀನು ಸುಮ್ಮನಿರು' ಅನ್ನುವ ನಿಯಮ ಇದೆ. ಹುಬ್ಬಳ್ಳಿಯವನಿಗೆ ಕೋಲ್ಕತ್ತಾದವನು ಮಾತಾಡುವುದು ಕೇಳುವುದೇ ಇಲ್ಲವಲ್ಲ, ಸುಮ್ಮನಿರುವುದು ಹೇಗೆ? ಇಬ್ಬರೂ ಒಟ್ಟಿಗೆ ಕಳಿಸುತ್ತಾರೆ, ಮೇಲೆ ಎರಡೂ ಡಿಕ್ಕಿ ಹೊಡೆದು ಹಾಳಾಗುತ್ತವೆ. ಹೀಗೆ ಒಬ್ಬರನ್ನೊಬ್ಬರು ನೋಡದೆ ಕಳಿಸುವ ಪದ್ಧತಿಯನ್ನು 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ಅಲೋಹಾ ಅನ್ನುವ ಜಾಲದಲ್ಲಿ ಬಳಕೆಗೆ ತಂದರು. ಅದರ ಲೆಕ್ಕ ಪಕ್ಕಾ: ಎಷ್ಟೇ ಚೆನ್ನಾಗಿ ನಡೆದರೂ ಚಾನೆಲ್‌ನ ನೂರು ಪಾಲಿನಲ್ಲಿ 18 ಪಾಲು ಮಾತ್ರ ಉಪಯೋಗಕ್ಕೆ ಬರುತ್ತದೆ.

ಈಗ ನಿಮ್ಮ ಗೈಡ್ ಸರ್ ಮಾತಿಗೆ ಬರೋಣ. ಎಎಕ್ಸ್ 25 ಹಳೆಯ, ನಂಬಬಹುದಾದ ಒಪ್ಪಂದ. ಟೆಲಿಫೋನ್ ಕಂಪನಿಗಳ ತಂತಿ ಜಾಲಕ್ಕಿದ್ದ ಎಕ್ಸ್ 25 ಅನ್ನುವುದನ್ನು ಹ್ಯಾಮ್‌ಗಳು ತಮಗೆ ಬೇಕಾದಂತೆ ಬದಲಿಸಿಕೊಂಡರು. ಎಲ್ಲರೂ ಇಂದಿಗೂ ಬಳಸುವ ಎರಡನೆಯ ಆವೃತ್ತಿ ಬಂದದ್ದು 1984ರಲ್ಲಿ. ಅದರಲ್ಲಿ ಎರಡು ರೀತಿ ಇದೆ. ಒಂದು, ಮೊದಲು ಸಂಪರ್ಕ ಕಟ್ಟಿ, ಗರಿಷ್ಠ ಏಳು ಫ್ರೇಮ್ (ಎಎಕ್ಸ್ 25ರಲ್ಲಿ ಒಂದೊಂದು ಕಟ್ಟಿಗೆ ಈ ಹೆಸರು) ಕಳಿಸಿ 'ಬಂತಾ?' ಅಂತ ಕಾದು, 'ಬಂತು' ಅಂದ ಮೇಲೆ ಮುಂದಕ್ಕೆ ಹೋಗುವುದು. ಎರಡನೆಯ ಫ್ರೇಮ್ ಹಾಳಾದರೆ ಮೂರರಿಂದ ಏಳರವರೆಗೆ ಸರಿಯಾಗಿ ಬಂದಿದ್ದರೂ ಎಲ್ಲವನ್ನೂ ಮತ್ತೆ ಕಳಿಸಬೇಕು. ಇನ್ನೊಂದು, ಸಂಪರ್ಕವೇ ಇಲ್ಲದೆ ಸುಮ್ನೆ ಫ್ರೇಮ್ ಬಿಡುವುದು. ಕೇಳಿದವರು ಕೇಳಲಿ.

ಹತ್ತು ನಿಮಿಷದ ಉಪಗ್ರಹಕ್ಕೆ ಮೊದಲನೆಯ ರೀತಿ ಒಗ್ಗುವುದಿಲ್ಲ. ಇದಕ್ಕೆ ಅನುಭವದ ಸಾಕ್ಷಿ ಇದೆ. 1986ರಲ್ಲಿ ಜಪಾನಿನವರು ಹಾರಿಸಿದ ಫುಜಿ ಆಸ್ಕರ್ 12ರಲ್ಲಿ ಒಂದು ಅಂಚೆಪೆಟ್ಟಿಗೆ ಇತ್ತು. ಒಬ್ಬೊಬ್ಬರೂ ಸಂಪರ್ಕ ಕಟ್ಟಿ ತಮ್ಮ ಸಂದೇಶ ಓದಬೇಕಿತ್ತು. ಅದು ದೊಡ್ಡ ಹೆಜ್ಜೆ, ಅನುಮಾನ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. 10,000 ಬೈಟಿನ ಒಂದು ಸುದ್ದಿಪತ್ರ ಇದೆ ಅಂತಿಟ್ಟುಕೊಳ್ಳಿ. 1200 ವೇಗದಲ್ಲಿ ಅದನ್ನು ಒಬ್ಬರಿಗೆ ಕಳಿಸಲು 67 ಸೆಕೆಂಡು. ಐವತ್ತು ಜನ ಕೇಳಿದರೆ ಐವತ್ತು ಸಲ ಕಳಿಸಬೇಕು, 55 ನಿಮಿಷ. ಪಾಸ್ ಹತ್ತೇ ನಿಮಿಷ. ಮಜಾ ಅಂದರೆ ಆ ಐವತ್ತೂ ಸಲ ಅದೇ ಪತ್ರ ಎಲ್ಲರ ಕಿವಿಗೂ ಬೀಳುತ್ತಿರುತ್ತದೆ. ಇನ್ನೊಬ್ಬರ ಹೆಸರಿಗೆ ಬಂದದ್ದು ಅಂತ ಪ್ರತಿಯೊಬ್ಬರ ಯಂತ್ರವೂ ಅದನ್ನು ಎಸೆಯುತ್ತಿರುತ್ತದೆ.

1990ರ ಜನವರಿ 22ರಂದು ಒಂದೇ ಏರಿಯಾನ್ ರಾಕೆಟ್‌ನಲ್ಲಿ ಹ್ಯಾಮ್‌ಗಳ ಆರು ಪುಟ್ಟ ಉಪಗ್ರಹಗಳು ಮೇಲೆ ಹೋದವು. ಅದರಲ್ಲಿ ಒಂದು ಪ್ಯಾಕ್‌ಸ್ಯಾಟ್, ಆಸ್ಕರ್ 16 ಅನ್ನುತ್ತಾರೆ. ಅದಕ್ಕಾಗಿ ಹೆರಾಲ್ಡ್ ಪ್ರೈಸ್ ಮತ್ತು ಜೆಫ್ ವಾರ್ಡ್ ಅನ್ನುವ ಇಬ್ಬರು ಹ್ಯಾಮ್‌ಗಳು ಬರೆದ ಪ್ರೋಟೋಕಾಲನ್ನು ನೀವು ಓದಲೇಬೇಕು. ನಾನು ಮೊದಲ ಸಲ ಓದಿ ಅರ್ಥ ಮಾಡಿಕೊಂಡ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಶಾಲೆಯಲ್ಲಿ ಮೇಷ್ಟ್ರು ಉಕ್ತಲೇಖನ ಹೇಳುತ್ತಿದ್ದದ್ದು ನೆನಪಿದೆಯಾ? ನಲವತ್ತು ಮಕ್ಕಳಿಗೂ ಒಂದೇ ಸಲ ಓದಿ ಹೇಳುತ್ತಾರೆ. ಪ್ರತಿ ಸಾಲಿಗೂ 'ನಿನಗೆ ಆಯ್ತಾ, ನಿನಗೆ ಆಯ್ತಾ' ಅಂತ ನಲವತ್ತು ಜನರನ್ನ ಕೇಳುತ್ತಾ ಕೂರುವುದಿಲ್ಲ. ಬರೆಯುವವರು ತಪ್ಪಿದ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ. ಕೊನೆಗೆ ಕೈ ಎತ್ತಿ 'ಸರ್, ಮೂರನೇ ಸಾಲು ಬಿಟ್ಟುಹೋಯ್ತು' ಅಂತಾರೆ. ಮೇಷ್ಟ್ರು ಮೂರನೇ ಸಾಲು ಮಾತ್ರ ಮತ್ತೆ ಓದುತ್ತಾರೆ. ಹಿಂದಿನ ಬೆಂಚಿನಲ್ಲಿ ಕೈ ಎತ್ತದೆ ಕೂತ ಇನ್ನಿಬ್ಬರ ಖಾಲಿ ಜಾಗವೂ ಅದೇ ಹೊತ್ತಿಗೆ ತುಂಬುತ್ತದೆ.

ಪ್ಯಾಕ್‌ಸ್ಯಾಟ್ ಮಾಡುತ್ತಿದ್ದದ್ದು ಇದನ್ನೇ. ಫೈಲನ್ನು ತುಂಡು ಮಾಡಿ ಬಿತ್ತರಿಸುತ್ತಿತ್ತು. ಪ್ರತಿ ತುಂಡಿನ ಮೇಲೂ 'ಇದು ಇಂಥ ನಂಬರಿನ ಫೈಲು, ಇದು ಅದರ ಇಷ್ಟನೇ ಬೈಟಿನಿಂದ ಶುರುವಾಗುವ ಭಾಗ' ಅಂತ ಇರುತ್ತಿತ್ತು. ಯಾವ ತುಂಡು ಯಾವಾಗ ಸಿಕ್ಕರೂ, ಹಿಂದಿನದು ಮುಂದಿನದು ಇಲ್ಲದಿದ್ದರೂ, ಕೆಳಗಿನವರು ಅದನ್ನು ಸರಿಯಾದ ಜಾಗದಲ್ಲಿ ಇಡಬಹುದು. ಪಾಸ್ ಮುಗಿಯಿತು, ಫೈಲಿನಲ್ಲಿ ನಾಲ್ಕು ತೂತು ಉಳಿದವು. ಮುಂದಿನ ಪಾಸ್‌ನಲ್ಲಿ ನಿಮ್ಮ ಕಂಪ್ಯೂಟರ್ 'ಈ ಫೈಲಿನ ಈ ನಾಲ್ಕು ತೂತು ತುಂಬಿಸು' ಅಂತ ಒಂದು ಸಣ್ಣ ಪಟ್ಟಿ ಕಳಿಸುತ್ತದೆ. ಉಪಗ್ರಹ ಅಷ್ಟನ್ನೇ ಬಿತ್ತರಿಸುತ್ತದೆ. ಕೊಲಂಬೊದವನ ತೂತಿಗೆ ಕೊಟ್ಟ ಉತ್ತರದಿಂದ ನಿಮ್ಮ ತೂತೂ ತುಂಬಬಹುದು. ಕೇವಲ ರಿಸೀವರ್ ಇಟ್ಟುಕೊಂಡು ಕೇಳುವವನಿಗೂ ನಾಲ್ಕೈದು ಪಾಸ್‌ಗಳಲ್ಲಿ ಪೂರ್ತಿ ಫೈಲು ಸಿಗುತ್ತದೆ.

ಇದರ ಇನ್ನೊಂದು ಚೆಂದ ನೋಡಿ. ಕೆಳಗಿನಿಂದ ಮೇಲಕ್ಕೆ ಹೋಗುವ ಪ್ಯಾಕೆಟ್‌ಗಳು ಬಹಳ ಕಡಿಮೆಯಾದವು, ಡಿಕ್ಕಿಯೂ ಕಡಿಮೆಯಾಯಿತು. ಜೊತೆಗೆ ಪ್ಯಾಕ್‌ಸ್ಯಾಟ್‌ಗೆ ಮೇಲಕ್ಕೆ ಕಳಿಸಲು ನಾಲ್ಕು ಚಾನೆಲ್, ಕೆಳಕ್ಕೆ ಒಂದು. ನಾಲ್ಕು ಕಿವಿ, ಒಂದು ಬಾಯಿ. ಅಲೋಹಾದ 18 ಪಾಲಿನ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ: ಡಿಕ್ಕಿ ಹೊಡೆದು ಉಳಿದ ನಾಲ್ಕು ಚಾನೆಲ್‌ಗಳ ಉಪಯೋಗ ಸೇರಿದರೆ ಒಂದು ಬಾಯಿಗೆ ಸಾಕಾಗುವಷ್ಟು ಕೆಲಸ.

ಗೆಳೆಯನ ಟಿಸಿಪಿ ಬೇಡ. ವಿಳಾಸದ ಹೊರೆಯೇ ಪ್ರತಿ ಪ್ಯಾಕೆಟ್‌ಗೆ 40 ಬೈಟ್. ಅದಕ್ಕಿಂತ ಮುಖ್ಯ ಕಾರಣ ಇನ್ನೊಂದಿದೆ. ಪ್ಯಾಕೆಟ್ ಕಳೆದುಹೋದರೆ ಟಿಸಿಪಿ 'ದಾರಿಯಲ್ಲಿ ಗದ್ದಲ ಜಾಸ್ತಿಯಾಗಿದೆ, ನಿಧಾನ ಮಾಡೋಣ' ಅಂದುಕೊಳ್ಳುತ್ತದೆ. ನಿಮ್ಮಲ್ಲಿ ಪ್ಯಾಕೆಟ್ ಹೋದದ್ದು ಆಂಟೆನಾ ಆಚೆ ತಿರುಗಿದ್ದಕ್ಕೆ. ಇಲ್ಲಿ ನಿಧಾನ ಮಾಡಿದರೆ ಪಾಸ್ ಮುಗಿದುಹೋಗುತ್ತದೆ ಅಷ್ಟೆ.

ಹಾಗಾಗಿ ನನ್ನ ಸಲಹೆ: ಎಎಕ್ಸ್ 25ರ ಸಂಪರ್ಕವಿಲ್ಲದ ಫ್ರೇಮನ್ನು ಲಕೋಟೆಯಂತೆ ಬಳಸಿ. ಪ್ರಪಂಚದ ಯಾವ ಹ್ಯಾಮ್ ಆದರೂ ಅದನ್ನು ಬಿಚ್ಚಬಲ್ಲ, ಅದು ದೊಡ್ಡ ಲಾಭ. ಲಕೋಟೆಯ ಒಳಗೆ ಫೈಲ್ ನಂಬರು ಮತ್ತು ಜಾಗ ಇರುವ ತುಂಡುಗಳು. ಕೆಳಗಿನಿಂದ ತೂತುಗಳ ಪಟ್ಟಿ. ಸಂದೇಶ ಮೇಲಕ್ಕೆ ಕಳಿಸುವಾಗ ಮಾತ್ರ ಸಂಪರ್ಕ ಕಟ್ಟಬಹುದು, ಆದರೆ ಅರ್ಧಕ್ಕೆ ನಿಂತರೆ ಮುಂದಿನ ಪಾಸ್‌ನಲ್ಲಿ ನಿಂತ ಜಾಗದಿಂದಲೇ ಶುರುವಾಗುವಂತೆ ಮಾಡಿ. ಗೈಡ್ ಸರ್ ಅರ್ಧ ಸರಿ ಹೇಳಿದ್ದಾರೆ, ಅವರಿಗೆ ಈ ಪುಟ ತೋರಿಸಿ ಮಾತಾಡಿ.

ಪ್ರಶ್ನೆ: ನಾನು ಬಿಎಸ್‌ಸಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಒಂದು ಬಿಟ್ ತಪ್ಪಾದರೂ ಇಡೀ ಪ್ಯಾಕೆಟ್ ಎಸೆಯುವುದು ಯಾಕೆ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಪ್ಯಾಕೆಟ್ ಎಷ್ಟು ಉದ್ದ ಇದ್ದರೆ ಒಳ್ಳೆಯದು?
(ಉಪನ್ಯಾಸಕರು, ಗದಗ)

ಉತ್ತರ: ಎಎಕ್ಸ್ 25 ಫ್ರೇಮಿನ ಕೊನೆಗೆ 16 ಬಿಟ್‌ನ ಒಂದು ತಾಳೆ ಸಂಖ್ಯೆ ಇರುತ್ತದೆ. ತಾಳೆಯಾಗದಿದ್ದರೆ ತಪ್ಪು ಇದೆ ಅಂತ ಗೊತ್ತಾಗುತ್ತದೆ, ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ಪೂರ್ತಿ ಎಸೆಯುತ್ತಾರೆ. ಇನ್ನೊಂದು ತೊಂದರೆ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಫ್ರೇಮಿನ ಎರಡೂ ತುದಿಗೆ 01111110 ಅನ್ನುವ ಗುರುತು ಇರುತ್ತದೆ. ಒಳಗಿನ ಮಾಹಿತಿಯಲ್ಲಿ ಈ ಗುರುತು ಬರಬಾರದು ಅಂತ, ಐದು ಒಂದುಗಳು ಸತತವಾಗಿ ಬಂದ ಕೂಡಲೇ ಕಳಿಸುವವನು ಒಂದು ಸೊನ್ನೆ ತುರುಕುತ್ತಾನೆ, ಕೇಳುವವನು ಅದನ್ನು ತೆಗೆಯುತ್ತಾನೆ. ಅಲ್ಲಿ ಒಂದು ಬಿಟ್ ತಪ್ಪಾಗಿ ಕೇಳಿಸಿದರೆ ತೆಗೆಯಬಾರದ ಸೊನ್ನೆ ತೆಗೆದುಬಿಡುತ್ತಾನೆ, ಅಲ್ಲಿಂದ ಮುಂದಿನ ಎಲ್ಲ ಬಿಟ್ ಒಂದು ಸ್ಥಾನ ಸರಿಯುತ್ತದೆ. ತಂತಿಯ ಜಾಲಕ್ಕೆ ಇದು ಪರವಾಗಿಲ್ಲ, ಕ್ಷೀಣವಾದ ರೇಡಿಯೊಗೆ ದುಬಾರಿ.

ಉದ್ದದ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿ, ಹುಡುಗರಿಗೆ ಇಷ್ಟವಾಗುತ್ತದೆ. ವಿಳಾಸ, ತಾಳೆ ಸಂಖ್ಯೆ, ಗುರುತು ಎಲ್ಲಾ ಸೇರಿ ಫ್ರೇಮಿನ ಹೊರೆ 20 ಬೈಟ್. ಸಾವಿರ ಬಿಟ್‌ಗೆ ಒಂದು ತಪ್ಪಾಗುವ ಕೆಟ್ಟ ಪರಿಸ್ಥಿತಿ ಅಂತಿಟ್ಟುಕೊಳ್ಳಿ. 256 ಬೈಟ್ ಮಾಹಿತಿ ಇದ್ದರೆ ಒಟ್ಟು 2208 ಬಿಟ್. ಅಷ್ಟೂ ಸರಿಯಾಗಿ ತಲುಪುವ ಸಂಭವ ನೂರಕ್ಕೆ 11. ಮಾಹಿತಿ 64 ಬೈಟ್‌ಗೆ ಇಳಿಸಿದರೆ ಒಟ್ಟು 672 ಬಿಟ್, ಸಂಭವ ನೂರಕ್ಕೆ 51. ಹೊರೆಯನ್ನೂ ಕಳೆದು ನೋಡಿದರೆ ದೊಡ್ಡ ಫ್ರೇಮಿನಲ್ಲಿ ಹತ್ತನೇ ಒಂದು ಪಾಲು ಮಾತ್ರ ದಕ್ಕುತ್ತದೆ, ಸಣ್ಣದರಲ್ಲಿ ಸುಮಾರು ನೂರಕ್ಕೆ 39. ಪರಿಸ್ಥಿತಿ ಸುಧಾರಿಸಿ ಹತ್ತು ಸಾವಿರ ಬಿಟ್‌ಗೆ ಒಂದು ತಪ್ಪು ಅಂತಾದರೆ? ದಕ್ಕುವುದು ದೊಡ್ಡದರಲ್ಲಿ ನೂರಕ್ಕೆ 74, ಸಣ್ಣದರಲ್ಲಿ 71. ಅಂದರೆ ಒಳ್ಳೆಯ ಹೊತ್ತಿನಲ್ಲಿ ಸಣ್ಣ ಫ್ರೇಮಿನಿಂದ ಆಗುವ ನಷ್ಟ ಮೂರೇ ಪಾಲು, ಕೆಟ್ಟ ಹೊತ್ತಿನಲ್ಲಿ ಲಾಭ ನಾಲ್ಕು ಪಟ್ಟು ಹತ್ತಿರ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ವಿದ್ಯಾರ್ಥಿ ತಂಡದ ಜೊತೆ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ಅತಿ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್ ಇಟ್ಟು, ಉಣಕಲ್ ಕೆರೆ ದಂಡೆಯಲ್ಲಿ ಕೂತು ಕೇಳಿದೆವು. ಸಿಗ್ನಲನ್ನು ಬೇಕಂತಲೇ ಕುಗ್ಗಿಸಿದ್ದೆವು. ಅವರು ಬ್ಯಾಟರಿ, ತಾಪಮಾನ, ಸೌರಫಲಕದ ಮಾಹಿತಿ ಎಲ್ಲವನ್ನೂ ಒಂದೇ 256 ಬೈಟಿನ ಫ್ರೇಮಿಗೆ ತುಂಬಿದ್ದರು. ಒಂದು ಗಂಟೆ ಕೂತರೂ ಸಿಕ್ಕದ್ದು ಬೆರಳೆಣಿಕೆಯಷ್ಟು. ಅಲ್ಲೇ ಕೂತು ಅದನ್ನು ನಾಲ್ಕು ತುಂಡು ಮಾಡಿದರು, ಬ್ಯಾಟರಿಯ ಸಂಗತಿ ಮೊದಲ ತುಂಡಿನಲ್ಲಿ. ಕತ್ತಲಾಗುವ ಹೊತ್ತಿಗೆ ಪರದೆ ತುಂಬ ಸಾಲುಗಳು ಬರತೊಡಗಿದವು. ಆ ಹುಡುಗರ ಮುಖ ಇನ್ನೂ ಕಣ್ಣ ಮುಂದಿದೆ.

ಎಸೆಯದೆ ತಿದ್ದುವ ದಾರಿಯೂ ಇದೆ. ಮಾಹಿತಿಯ ಜೊತೆ ಹೆಚ್ಚುವರಿ ಬಿಟ್ ಸೇರಿಸಿ ಕಳಿಸಿದರೆ ಕೇಳುವವನೇ ತಪ್ಪು ಹುಡುಕಿ ಸರಿಮಾಡಬಹುದು. 2013ರ ನವೆಂಬರ್‌ನಲ್ಲಿ ಹಾರಿದ ಫನ್‌ಕ್ಯೂಬ್ 1 ಅನ್ನುವ ಉಪಗ್ರಹವನ್ನು ಶಾಲಾ ಮಕ್ಕಳಿಗಾಗಿಯೇ ಮಾಡಿದ್ದರು. ಅದರಲ್ಲಿ 256 ಬೈಟ್ ಮಾಹಿತಿ 5200 ಬಿಟ್ ಆಗಿ ಕೆಳಗೆ ಬರುತ್ತದೆ, ಅಂದರೆ ಎರಡೂವರೆ ಪಟ್ಟು. ಕಳಿಸುವ ಮೊದಲು ಬಿಟ್‌ಗಳನ್ನು ಚೌಕದಲ್ಲಿ ಅಡ್ಡ ಬರೆದು ಉದ್ದ ಓದಿದಂತೆ ಕಲಸುತ್ತಾರೆ. ಹಾಗಾಗಿ ಆಂಟೆನಾ ಆಚೆ ತಿರುಗಿ ಅರ್ಧ ಸೆಕೆಂಡು ಪೂರ್ತಿ ಹೋದರೂ, ಮತ್ತೆ ಜೋಡಿಸುವಾಗ ಆ ಪೆಟ್ಟು ಒಂದೇ ಕಡೆ ಬೀಳದೆ ಅಲ್ಲೊಂದು ಇಲ್ಲೊಂದು ಚದುರುತ್ತದೆ. ಚದುರಿದ ತಪ್ಪನ್ನು ತಿದ್ದುವುದು ಸುಲಭ. ಹಳೆಯ ಎಎಕ್ಸ್ 25 ಬಿಡಲು ಮನಸ್ಸಿಲ್ಲದವರಿಗೆ ಎಫ್ಎಕ್ಸ್ 25 ಇದೆ. ಅದು ಮಾಮೂಲು ಫ್ರೇಮನ್ನು ಹಾಗೇ ಇಟ್ಟು ಹಿಂದೆ ಮುಂದೆ ತಿದ್ದುಪಡಿಯ ಬಿಟ್ ಸೇರಿಸುತ್ತದೆ. ಹಳೆಯ ಯಂತ್ರ ಇರುವವರಿಗೆ ಮಾಮೂಲು ಫ್ರೇಮ್ ಕಾಣುತ್ತದೆ, ಹೊಸ ಸಾಫ್ಟ್‌ವೇರ್ ಇರುವವರಿಗೆ ತಿದ್ದಿದ ಫ್ರೇಮ್ ಸಿಗುತ್ತದೆ. ಯಾರನ್ನೂ ಹೊರಗಿಡದೆ ಸುಧಾರಿಸುವ ಈ ರೀತಿ ನನಗೆ ಬಹಳ ಹಿಡಿಸುತ್ತದೆ.

ಪ್ರಶ್ನೆ: ಉಪಗ್ರಹ ಓಡುತ್ತಿರುವುದರಿಂದ ಫ್ರೀಕ್ವೆನ್ಸಿ ಬದಲಾಗುತ್ತದಲ್ಲ, ಅದನ್ನು ಪ್ರೋಟೋಕಾಲ್ ಸರಿಮಾಡುತ್ತದಾ?
(ಡಿಪ್ಲೊಮಾ ವಿದ್ಯಾರ್ಥಿ, ಧಾರವಾಡ)

ಉತ್ತರ: ಇಲ್ಲ, ಅದು ರೇಡಿಯೊದ ಕೆಲಸ. ಆದರೆ ವಿನ್ಯಾಸ ಮಾಡುವಾಗ ಲೆಕ್ಕಕ್ಕೆ ತಗೋಬೇಕು. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಮೇಲೆ ಓಡುತ್ತದೆ. ಹಾಗಾಗಿ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು ಮೂರೂವರೆ ಕಿಲೋಹರ್ಟ್ಸ್, 437ರಲ್ಲಿ ಸುಮಾರು ಹತ್ತು ಕಿಲೋಹರ್ಟ್ಸ್ ಆ ಕಡೆ ಈ ಕಡೆ ಸರಿಯುತ್ತದೆ. ಅದಕ್ಕೇ ಮೇಲಕ್ಕೆ 145, ಕೆಳಕ್ಕೆ 437 ಇಡುವುದು ಜಾಣತನ. ಉಪಗ್ರಹದ ರಿಸೀವರ್ ಒಂದೇ ಜಾಗದಲ್ಲಿ ಕೂತಿದ್ದರೂ ಸಣ್ಣ ವ್ಯತ್ಯಾಸ ತಡೆದುಕೊಳ್ಳುತ್ತದೆ, ದೊಡ್ಡ ವ್ಯತ್ಯಾಸವನ್ನು ಕೆಳಗೆ ನಿಮ್ಮ ಕಂಪ್ಯೂಟರ್ ಹಿಂಬಾಲಿಸುತ್ತದೆ. ಎರಡು ಬ್ಯಾಂಡ್ ಬೇರೆ ಇರುವುದರಿಂದ ನೀವು ಕಳಿಸುತ್ತಿರುವಾಗಲೇ ಉಪಗ್ರಹದ ಮಾತೂ ಕೇಳಬಹುದು.

ಪ್ರಶ್ನೆ: ಹ್ಯಾಮ್ ರೇಡಿಯೊದಲ್ಲಿ ಗುಪ್ತ ಭಾಷೆ ಬಳಸಬಾರದು ಅಂತ ಓದಿದೆ. ಹಾಗಾದರೆ ಯಾರೋ ಕಿಡಿಗೇಡಿ ನಮ್ಮ ಉಪಗ್ರಹಕ್ಕೆ 'ಆಫ್ ಆಗು' ಅಂತ ಆಜ್ಞೆ ಕಳಿಸಿದರೆ?
(ಓದುಗರು, ರಾಣೆಬೆನ್ನೂರು)

ಉತ್ತರ: ಒಳ್ಳೆಯ ಪ್ರಶ್ನೆ. ಹ್ಯಾಮ್‌ಗಳ ಮಾತಿನ ಅರ್ಥ ಮುಚ್ಚಿಡುವಂತೆ ಸಂಕೇತ ಬಳಸಬಾರದು ಅನ್ನುವುದು ಅಂತರರಾಷ್ಟ್ರೀಯ ನಿಯಮ. ಆದರೆ ಅದೇ ನಿಯಮದಲ್ಲಿ ಉಪಗ್ರಹವನ್ನು ನಿಯಂತ್ರಿಸುವ ಆಜ್ಞೆಗಳಿಗೆ ವಿನಾಯಿತಿ ಕೊಟ್ಟಿದ್ದಾರೆ.

ಆದರೂ ಆಜ್ಞೆಯನ್ನು ಮುಚ್ಚಿಡುವ ಬದಲು ಸಹಿ ಹಾಕಿ ಕಳಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಉಪಗ್ರಹಕ್ಕೂ ನಿಮಗೂ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಆಜ್ಞೆಯನ್ನೂ ಆ ಸಂಖ್ಯೆಯನ್ನೂ ಸೇರಿಸಿ ಲೆಕ್ಕ ಮಾಡಿ ಬಂದ ಫಲಿತಾಂಶವನ್ನು ಆಜ್ಞೆಯ ಕೊನೆಗೆ ಅಂಟಿಸಿ. ಗುಟ್ಟು ಗಾಳಿಯಲ್ಲಿ ಹೋಗುವುದೇ ಇಲ್ಲ. ಉಪಗ್ರಹ ತಾನೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಕಿಡಿಗೇಡಿ ನಿಮ್ಮ ಆಜ್ಞೆಯನ್ನು ಧ್ವನಿಮುದ್ರಿಸಿಕೊಂಡು ಮರುದಿನ ಹಾಗೇ ಕಳಿಸಬಹುದಲ್ಲ? ಅದಕ್ಕೆ ಪ್ರತಿ ಆಜ್ಞೆಗೂ ಏರುತ್ತಾ ಹೋಗುವ ಒಂದು ಕ್ರಮಸಂಖ್ಯೆ ಸೇರಿಸಿ, ಹಿಂದಿನ ಸಂಖ್ಯೆ ಬಂದರೆ ಉಪಗ್ರಹ ಕಿವಿಗೆ ಹಾಕಿಕೊಳ್ಳಬಾರದು.

ಕಿಡಿಗೇಡಿಗಿಂತ ಜಾಸ್ತಿ ಹೆದರಬೇಕಾದದ್ದು ನಮ್ಮದೇ ತಪ್ಪಿಗೆ, ಮತ್ತೆ ವಿಕಿರಣಕ್ಕೆ. ಮೇಲೆ ಒಂದು ಕಣ ಬಂದು ಬಡಿದರೆ ಮೆಮೊರಿಯಲ್ಲಿ ಸೊನ್ನೆ ಒಂದಾಗುತ್ತದೆ. ಆ ಕ್ರಮಸಂಖ್ಯೆಯೇ ಕೆಟ್ಟರೆ ಉಪಗ್ರಹ ನಿಮ್ಮ ಮಾತನ್ನೂ ಕೇಳುವುದಿಲ್ಲ! ಅದಕ್ಕೆ ಮೂರು ಕಡೆ ಬರೆದಿಟ್ಟು, ಎರಡು ಕಡೆ ಒಂದೇ ಇದ್ದದ್ದನ್ನು ನಂಬಬೇಕು. ಜೊತೆಗೆ ಒಂದು ಗಡಿಯಾರ ಇಡಿ: ಇಷ್ಟು ದಿನ ನೆಲದಿಂದ ಒಂದೂ ಸರಿಯಾದ ಆಜ್ಞೆ ಬರದಿದ್ದರೆ ಉಪಗ್ರಹ ತಾನೇ ಮೊದಲಿನ ಸುರಕ್ಷಿತ ಸ್ಥಿತಿಗೆ ಮರಳಬೇಕು. ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಬೇಕೆಂದಾಗ ಟ್ರಾನ್ಸ್‌ಮಿಟರ್ ನಿಲ್ಲಿಸುವ ಶಕ್ತಿ ನಿಮ್ಮ ಕೈಯಲ್ಲಿರಲೇಬೇಕು, ಅದೂ ನಿಯಮವೇ. ಆದ್ದರಿಂದ 'ಬಾಯಿ ಮುಚ್ಚು' ಅನ್ನುವ ಆಜ್ಞೆಯ ಮೇಲೆ ಈ ಗಡಿಯಾರ ಸವಾರಿ ಮಾಡಬಾರದು.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ನಾನೂ ಉಪಗ್ರಹದ ಜೊತೆ ಮಾತಾಡಬಹುದಾ?
(ವಿದ್ಯಾರ್ಥಿನಿ, ಹಾವೇರಿ)

ಉತ್ತರ: ಮಾತಾಡಬಹುದು ತಂಗೀ. ಹನ್ನೆರಡು ವರ್ಷ ತುಂಬಿದವರು ಹ್ಯಾಮ್ ಪರೀಕ್ಷೆ ಬರೆಯಬಹುದು. ಪಾಸಾದರೆ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ ಲೈಸೆನ್ಸ್ ಕೊಡುತ್ತದೆ, ವಿಯು ಅಂತ ಶುರುವಾಗುವ ನಿನ್ನದೇ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ನಿನ್ನನ್ನು ಗುರುತಿಸುವ ಹೆಸರು, ಸಿಗುತ್ತದೆ. ಅದು ಬರುವವರೆಗೆ ನಿಮ್ಮ ಊರಿನ ಹತ್ತಿರದ ಹ್ಯಾಮ್ ಒಬ್ಬರನ್ನು ಹುಡುಕಿ, ಅವರ ಜೊತೆ ಕೂತು ಕೇಳು. ಬಾಹ್ಯಾಕಾಶ ನಿಲ್ದಾಣದ ಪ್ಯಾಕೆಟ್ ರೇಡಿಯೊ 145.825 ಮೆಗಾಹರ್ಟ್ಸ್‌ನಲ್ಲಿ ಇದೆ. ಕೆಳಗಿನಿಂದ ಯಾರಾದರೂ ಕಳಿಸಿದ ಪ್ಯಾಕೆಟ್ ಅನ್ನು ಅದು ಮತ್ತೆ ಬಿತ್ತರಿಸುತ್ತದೆ. 49 ಸೆಂಟಿಮೀಟರ್‌ನ ಎರಡು ತಂತಿ ಸಾಕು, ಆಂಟೆನಾ ರೆಡಿ. ಕೆಲವು ದಿನ ಅದನ್ನು ಆಫ್ ಮಾಡಿರುತ್ತಾರೆ, ಆಗ ಬೇಜಾರಾಗಬೇಡ. ಕೇಳಿಸಿದ ದಿನ ಗಂಟೆ, ನಿಮಿಷ, ಬಂದ ಅಕ್ಷರ ಎಲ್ಲಾ ನೋಟ್‌ಬುಕ್‌ನಲ್ಲಿ ಬರೆದಿಡು.

ಪ್ರಶ್ನೆ: ನಾನು ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ಮೋರ್ಸ್ ಕೀ ಒತ್ತಿದವನು. ತಂತಿ ಸೇವೆ ನಿಂತಾಗ ಮನೆಯಲ್ಲಿ ಯಾರೋ ಹೋದಂತೆ ಆಯಿತು. ಕೀ ಇನ್ನೂ ಟ್ರಂಕಿನಲ್ಲಿದೆ. ಈ ಪ್ಯಾಕೆಟ್ ಕಾಲದಲ್ಲಿ ಮೋರ್ಸ್‌ಗೆ ಏನಾದರೂ ಕೆಲಸ ಉಳಿದಿದೆಯೇ?
(ನಿವೃತ್ತ ನೌಕರರು, ಗದಗ)

ಉತ್ತರ: ಹಿರಿಯರೇ, ನಿಮ್ಮ ಪತ್ರ ಎರಡು ಸಲ ಓದಿದೆ. 2013ರ ಜುಲೈ 14ರ ರಾತ್ರಿ ಕೊನೆಯ ತಂತಿ ಹೋದದ್ದು ನನಗೂ ನೆನಪಿದೆ.

ಹ್ಯಾಮ್‌ಗಳ ಮೊದಲ ಉಪಗ್ರಹ ಆಸ್ಕರ್ 1 ಹಾರಿದ್ದು 1961ರ ಡಿಸೆಂಬರ್ 12ರಂದು. ತೂಕ ನಾಲ್ಕೂವರೆ ಕಿಲೋ. ಅದು ಹೇಳುತ್ತಿದ್ದದ್ದು ಒಂದೇ ಮಾತು, ಚುಕ್ಕೆ ಗೀಟುಗಳ ಮೋರ್ಸ್ ಸಂಕೇತದಲ್ಲಿ 'ಹಾಯ್'. ನಾಲ್ಕು ಚುಕ್ಕೆ, ಸ್ವಲ್ಪ ಬಿಟ್ಟು ಎರಡು ಚುಕ್ಕೆ. ಒಳಗೆ ಒಂದು ತಾಪಮಾಪಕ ಇತ್ತು, ಅದಕ್ಕೆ ತಕ್ಕಂತೆ 'ಹಾಯ್' ಹೇಳುವ ವೇಗ ಬದಲಾಗುತ್ತಿತ್ತು. ಕೆಳಗೆ ಕೂತವರು ಗಡಿಯಾರ ಹಿಡಿದು ಎಷ್ಟು ಸಲ ಹೇಳಿತು ಅಂತ ಎಣಿಸಿದರೆ ಉಪಗ್ರಹದ ಒಳಗೆ ಎಷ್ಟು ಬಿಸಿ ಇದೆ ಅಂತ ಗೊತ್ತಾಗುತ್ತಿತ್ತು. ಫ್ರೇಮ್ ಇಲ್ಲ, ತಾಳೆ ಸಂಖ್ಯೆ ಇಲ್ಲ, ಕಂಪ್ಯೂಟರ್ ಇಲ್ಲ. ನಾನು ಈ ಪುಟದಲ್ಲಿ ಬರೆದ ಎಲ್ಲ ಪ್ರೋಟೋಕಾಲ್‌ಗಳ ಅಜ್ಜ ಅದು. 22 ದಿನ ಬದುಕಿ, 28 ದೇಶಗಳ ಹ್ಯಾಮ್‌ಗಳಿಗೆ ಕೇಳಿಸಿತು.

ಮೋರ್ಸ್‌ಗೆ ಇಂದಿಗೂ ಕೆಲಸ ಇದೆ. ವಿದ್ಯಾರ್ಥಿಗಳು ಮಾಡುವ ಎಷ್ಟೋ ಕ್ಯೂಬ್‌ಸ್ಯಾಟ್‌ಗಳು ತಮ್ಮ ಹೆಸರು ಮತ್ತು ಬ್ಯಾಟರಿ ವೋಲ್ಟೇಜನ್ನು ಈಗಲೂ ಮೋರ್ಸ್‌ನಲ್ಲೇ ಹೇಳುತ್ತವೆ. ಪ್ಯಾಕೆಟ್ ಒಂದೂ ತಾಳೆಯಾಗದಷ್ಟು ಸಿಗ್ನಲ್ ಕ್ಷೀಣವಾಗಿದ್ದಾಗ, ಗದ್ದಲದ ನಡುವೆ ಪಳಗಿದ ಕಿವಿ ಮೂರು ಅಕ್ಷರ ಹಿಡಿದುಬಿಡುತ್ತದೆ. ಒಂದು ಅಕ್ಷರ ಹೋದರೂ ಉಳಿದ ಎರಡರಿಂದ ಊಹಿಸುತ್ತದೆ. ಉಪಗ್ರಹ ಬದುಕಿದೆಯಾ ಇಲ್ಲವಾ ಅಂತ ತಂಡ ಕಾಯುವ ಮೊದಲ ದಿನ ಅಂಥ ಕಿವಿ ಬೇಕೇ ಬೇಕು.

ಮೊದಲ ಪ್ರಶ್ನೆ ಕೇಳಿದ ಹುಬ್ಬಳ್ಳಿಯ ಆರು ಜನಕ್ಕೆ ಮೋರ್ಸ್ ಬರುವುದಿಲ್ಲ, ನಾನು ಪತ್ರ ಬರೆದು ಕೇಳಿದೆ. ಕಲಿಯಲು ತಯಾರಿದ್ದಾರೆ. ನಿಮ್ಮ ವಿಳಾಸ ಪತ್ರಿಕೆಯವರ ಹತ್ತಿರ ಇದೆ. ದಸರಾ ರಜೆಯಲ್ಲಿ ಅವರನ್ನು ಕರೆದುಕೊಂಡು ಗದಗಕ್ಕೆ ಬರುತ್ತೇನೆ. ಕೀ ಹೊರಗೆ ತೆಗೆದು ಒರೆಸಿ ಇಟ್ಟಿರಿ.